ಪೊಟರೆಯ ಪಂಚನಾಮೆ

ಪುಣೆ, ಖಡಕಿ. ರೇಂಜ್ ಹಿಲ್ಸ್ ರಸ್ತೆಯ ಬದಿಗೆ
ಹದಿನೇಳನೇ ನಂಬರಿನ ಮಳೆಮರ.
ಎಡಗೊಂಬೆ ಒಣಗಿದೆ. ನಾನು ಬರೆಯಬೇಕಾದ್ದು
ಇಷ್ಟೇ: ಕಡಿಯಬಹುದು, ಅಥವಾ ಬೇಡ.
ರಿಜಿಸ್ಟರು ಮರಾಠಿಯದು.
ಅದರಲ್ಲಿ ಹಿಡಿಸದ್ದು ಕನ್ನಡದಲ್ಲಿ ಉಳಿಯುತ್ತದೆ.

ಏಣಿ ಹಿಡಿದು ನಿಂತವನು ಸಾಳುಂಖೆ.
ಇಲ್ಲಿಯವರು ಗೊರವಂಕಕ್ಕೆ ಸಾಳುಂಕಿ ಅನ್ನುತ್ತಾರೆ;
ಅದಕ್ಕೇ ಈ ವ್ಯಾಜ್ಯದಲ್ಲಿ ನಿನ್ನ ಸಾಕ್ಷಿ ನಡೆಯೋದಿಲ್ಲ
ಎಂದು ರೇಗಿಸುತ್ತೇನೆ.

ವ್ಯಾಜ್ಯ ಹೀಗಿದೆ.
ಮೊದಲು ಕೊರೆದದ್ದು ಒಂದು ಕುಟ್ರುಹಕ್ಕಿ,
ತನ್ನ ಮೈಯಳತೆಗೆ, ಚಹಾ ಗ್ಲಾಸಿನ ಬಾಯಿಯಷ್ಟು.
ಅದು ಬಿಟ್ಟುಹೋದ ಮೇಲೆ ಗಿಣಿಗಳು ಬಂದು
ಅಂಚನ್ನು ಕಡಿಕಡಿದು ಅಗಲ ಮಾಡಿಕೊಂಡವು.
ಹುಲ್ಲು ತರಲಿಲ್ಲ, ಹತ್ತಿ ತರಲಿಲ್ಲ.
ಕೋಲಿನ ತುದಿಗೆ ಹಲ್ಲಿನ ಡಾಕ್ಟರರ ಕನ್ನಡಿ ಕಟ್ಟಿ
ಫೆಬ್ರವರಿಯಲ್ಲಿ ಇಣುಕಿದಾಗ
ಮರದ ಹುಡಿಯ ಮೇಲೆ ನಾಲ್ಕು ಮೊಟ್ಟೆ, ಬರೀ ಬಿಳಿ.
ಕತ್ತಲಲ್ಲಿ ಇಡುವುದಕ್ಕೆ ಬಣ್ಣ ಯಾಕೆ?
ಗೊರವಂಕಗಳು ಆಮೇಲೆ ಬಂದವು.
ಇನ್ನೂ ವಾದಿಸುತ್ತಿವೆ.

ಇಪ್ಪತ್ತೆರಡು ದಿನ ಒಳಗೆ ಕೂತವಳ ಕೊರಳು ಬೋಳು.
ಹೊರಗೆ ತಿರುಗುವವನಿಗೆ ಪಟ್ಟಿಯಿದೆ,
ಗದ್ದದ ಕೆಳಗೆ ಕಪ್ಪು, ಹಿಂಗತ್ತಿಗೆ ಗುಲಾಬಿ,
ಮೂರನೇ ವರ್ಷಕ್ಕೆ ಮೂಡುವ ರುಜು.
ಪೇರಲ, ಹುಣಸೆ, ಯಾರದೋ ಬಾಲ್ಕನಿಯ ಮೆಣಸಿನಕಾಯಿ
ನುಂಗಿ ಬಂದು ಅವಳ ಕೊಕ್ಕಿಗೆ ಕಕ್ಕುತ್ತಾನೆ.
ಖಾರ ಆ ಜಾತಿಗೆ ತಾಗುವುದೇ ಇಲ್ಲವಂತೆ.
ಈ ಒಂದು ವಿಷಯದಲ್ಲಿ ನನಗೆ ಹೊಟ್ಟೆಕಿಚ್ಚು.

ಅವನು ಕೊಂಬೆ ಹತ್ತುವುದನ್ನು ನೋಡಬೇಕು:
ಎರಡು ಬೆರಳು ಮುಂದೆ, ಎರಡು ಹಿಂದೆ,
ಕೊಕ್ಕೇ ಮೂರನೇ ಕಾಲು.
ಅವಸರವಿಲ್ಲ. ಮೊಣಕಾಲು ನೋವಿನ ಮುದುಕ
ಕಂಬಿ ಹಿಡಿದು ಮೆಟ್ಟಿಲೇರಿದ ಹಾಗೆ.

ಮಾರ್ಚಿನಲ್ಲಿ ಒಂದು ಗರಿ ರಿಜಿಸ್ಟರಿನ ಮೇಲೆ ಬಿತ್ತು.
ಗಿಣಿಯ ಹಸಿರಿನಲ್ಲಿ ಹಸಿರಿಲ್ಲ:
ಮೆತ್ತಿದ್ದು ಹಳದಿ ಮಾತ್ರ,
ನೀಲಿಯೆಲ್ಲ ಬೆಳಕಿನ ಕೈಚಳಕ.
ಅರೆದರೆ ನೀಲಿ ಹೋಗಿಬಿಡುತ್ತದೆ.
ಅರೆಯಲಿಲ್ಲ. ಪುಟದ ನಡುವೆ ಇಟ್ಟೆ.

ಮೊಳೆ ಕಂಡದ್ದು ಆಗ.
ಕಾಂಡದಲ್ಲಿ ಮೂರು, ಆಳೆತ್ತರದಿಂದ ಮೇಲಕ್ಕೆ,
ಒಂದಕ್ಕೂ ತುಕ್ಕು ಹಿಡಿದಿಲ್ಲ.
ಕಾಲಿಡಲು ಹೊಡೆದವು.
ಮರಿಗಳಿಗೆ ರೆಕ್ಕೆ ಬಲಿಯುವ ಮೊದಲೇ ಬರುತ್ತಾನೆ,
ಚೀಲದಲ್ಲಿ ಹಾಕಿಕೊಂಡು ಹೋಗುತ್ತಾನೆ,
ಭಾನುವಾರ ಪಂಜರದ ಸಮೇತ ಮಾರುತ್ತಾನೆ.

ಗಿಣಿಗೂಡು ಇದೆ ಎಂದು ಬರೆದರೆ ಕೊಂಬೆ ಉಳಿದೀತು.
ಆದರೆ ರಿಜಿಸ್ಟರು ಆಫೀಸಿನ ಮೇಜಿನ ಮೇಲೆ
ದಿನವಿಡೀ ತೆರೆದೇ ಬಿದ್ದಿರುತ್ತದೆ.
ಯಾರು ಓದುವುದಿಲ್ಲ?

ಕನ್ನಡಿ ಒಳಗೆ ಹೋದಾಗ ಮರಿಗಳು
ಒಟ್ಟಿಗೇ ಬುಸುಗುಟ್ಟಿದ್ದು ನಿಜ.
ಅಷ್ಟರ ಆಧಾರದ ಮೇಲೆ ಬರೆದೆ:
ಪೊಟರೆಯಲ್ಲಿ ನಾಗರಹಾವಿರುವ ಶಂಕೆ.
ಮಳೆಗಾಲ ಹಿಡಿಯುವ ತನಕ ಯಾರೂ ಹತ್ತತಕ್ಕದ್ದಲ್ಲ.

ಪಂಚನ ಜಾಗದಲ್ಲಿ ಸಾಳುಂಖೆ ಸಹಿ ಹಾಕಿದ.
ನಗಲಿಲ್ಲ. ಏಣಿ ಮಡಚಿಟ್ಟು
ಸೈಕಲ್ ಅಂಗಡಿಯಿಂದ ಇಕ್ಕಳ ತಂದ.

ಸಂಜೆಯ ಹಿಂಡುಗಳು ಕಿರುಚುತ್ತ
ಮುಳಾ ನದಿಯ ಕಡೆಗೆ ಹೊರಟಿದ್ದವು.
ಮೂರು ಮೊಳೆಗಳಲ್ಲಿ ಎರಡು ಬಂದವು.