ಆರನೇ ಪುಟ

ದಿನಕ್ಕೆ ಎಂಟುನೂರು, ಊಟ ಬೇರೆ.
ಯಾವ ಪಕ್ಷವಾದರೂ ಸರಿ, ನನ್ನ ಗಂಟಲಿಗೆ ಬಣ್ಣವಿಲ್ಲ.
ಹನ್ನೊಂದು ಚುನಾವಣೆ ಈ ಆಟೋದ ಹಿಂದಿನ ಸೀಟಲ್ಲಿ ಕೂತು
ಮಂಡ್ಯದ ಬೀದಿಬೀದಿಗೂ ಕೂಗಿದ್ದೇನೆ:
ನಿಮ್ಮ ಮನೆಮಗ, ನಿಮ್ಮ ಮನೆಮಗ, ನಿಮ್ಮ ಮನೆಮಗ.
ಎಷ್ಟು ಮಕ್ಕಳಪ್ಪಾ ಈ ತಾಯಿಗೆ.

ಈ ಸಲ ಕರೆದದ್ದು ಜವರಪ್ಪ ಮೇಷ್ಟ್ರು.
ಪಕ್ಷೇತರ. ಗುರುತು ಟೀ ಜರಡಿ.
ಪಿಂಚಣಿ ಗಂಟು ಬಿಚ್ಚಿ ಠೇವಣಿ ಕಟ್ಟಿದವರು
ಏಳು ಪುಟ ಕೊಟ್ಟರು, ಪಿನ್ನು ಹೊಡೆದು.
ಚರಂಡಿ, ನಾಲೆ, ಆಸ್ಪತ್ರೆ, ಎಲ್ಲ ಬಾಯಿಪಾಠದ್ದೇ.
ಆರನೇ ಪುಟಕ್ಕೆ ನಾಲಿಗೆ ಎಡವಿತು:
ವಿದೇಶಾಂಗ ನೀತಿ.

ಸಾರ್, ಇದು ಗುತ್ತಲು ರಸ್ತೆ ಸಾರ್, ಅಂದೆ.
ಗೊತ್ತು ಕಣಯ್ಯ, ನಾನು ನಿಂತಿರೋದು ಲೋಕಸಭೆಗೆ,
ಪಂಚಾಯ್ತಿಗಲ್ಲ.
ಯುದ್ಧಕ್ಕೆ ಹೂಂ ಅನ್ನೋದೂ ಅಲ್ಲೇ, ಉಹೂಂ ಅನ್ನೋದೂ ಅಲ್ಲೇ.
ಅದನ್ನ ಕೇಳದೆ ಓಟು ಹಾಕೋದು
ಅಳತೆ ಕೊಡದೆ ಅಂಗಿ ಹೊಲಿಸಿದ ಹಾಗೆ.

ಕೂಗಿದೆ. ಕೂಲಿ ಕೊಟ್ಟ ಮೇಲೆ ಕೂಗಲೇಬೇಕು.
ಸಂಜಯ ಸರ್ಕಲ್ಲಿನಲ್ಲಿ "ನೆರೆಯ ರಾಷ್ಟ್ರಗಳೊಂದಿಗೆ" ಅನ್ನುವಾಗ
ಹಾಲಿನ ಗಾಡಿಯವನೊಬ್ಬ ಕಿಟಕಿಯಿಂದ ತಲೆ ಹಾಕಿ,
"ಅಣ್ಣೋ, ನಮ್ಗೆ ವಿದೇಶ ಅಂದ್ರೆ ಮೆಟ್ಟೂರು ಕಣಣ್ಣೋ!"
ಸಿಗ್ನಲ್ಲಿಗೆ ಸಿಗ್ನಲ್ಲೇ ನಕ್ಕಿತು.
ನಾನೂ ನಕ್ಕೆ, ಮೈಕು ಆರಿಸದೆ.
ಪೇಟೆ ಬೀದಿಯಲ್ಲಿ ಬೆಲ್ಲದ ಮಂಡಿಯವರು ಮಾತ್ರ ನಗಲಿಲ್ಲ.
ಸಕ್ಕರೆ ಹಡಗು ಹತ್ತದೆ ನಿಂತ ವರ್ಷದ ದರ
ಅವರ ಗಲ್ಲಾಪೆಟ್ಟಿಗೆಗೆ ನೆನಪಿತ್ತು.

ಮೈದಾನದಲ್ಲಿ ದೊಡ್ಡವರೂ ಪರದೇಶದ ಮಾತಾಡಿದರು,
ಇಲ್ಲವೆನ್ನಲಾರೆ.
ದೇಶ ಒಂದೇ, ವಾಕ್ಯವೂ ಒಂದೇ: ನುಗ್ಗಿ ಹೊಡೀತೀವಿ.
ಶಿಳ್ಳೆಗೆ ಶಾಮಿಯಾನ ನಡುಗಿತು.
ಹೊಡೆದ ಮಾರನೆಯ ದಿನ ಏನು ಮಾಡುವುದೆಂದು
ಯಾರೂ ಕೇಳಲಿಲ್ಲ, ಬಿರಿಯಾನಿ ಆರುತ್ತಿತ್ತು.

ಆಮೇಲೆ ಹೊಸಹಳ್ಳಿಯ ಒಂದು ಅಡ್ಡರಸ್ತೆ.
ಅಕ್ಕಿ ತೊಳೆದ ಒದ್ದೆಗೈ ಚಾಚಿ
ಆಟೋ ನಿಲ್ಲಿಸಿದಳು ಸಣ್ಣತಾಯಮ್ಮ.
"ಕುವೈತು ಅಂದ್ಯಲ್ಲ, ಅದ ಇನ್ನೊಂದ್ಸಲ ಓದಪ್ಪ.
ನನ್ ತಂಗಿ ಜಯಶೀಲ ಅಲ್ಲವ್ಳೆ, ಮನೆಗೆಲಸಕ್ಕೋಗಿ ಮೂರೊರ್ಸ.
ಪಾಸ್‌ಪೋರ್ಟು ಆ ಮನೆಯೋರ ಬೀರೊಳಗದೆ."

ಓದಿದೆ. ಮೈಕಿಲ್ಲದೆ ಇನ್ನೊಮ್ಮೆ ಓದಿದೆ:
ದುಡಿಯಲು ಹೋದವರ ಕಾಗದ ಅವರ ಕೈಯಲ್ಲೇ ಇರುವಂತೆ
ಆ ದೇಶಗಳೊಡನೆ ಕರಾರು.
"ಕರಾರು ಅಂದ್ರೆ? ಅವ್ರು ಮುರುದ್ರೆ ಯಾರ್ ಕೇಳೋರು?"
ಹನ್ನೊಂದು ಚುನಾವಣೆಯಲ್ಲಿ
ಕೂಗಿದ ಮಾತಿನ ಅರ್ಥ ಕೇಳಿದವರಿಲ್ಲ.
ಮೇಷ್ಟ್ರಿಗೆ ಫೋನು ಮಾಡಿದೆ.

ಸೈಕಲ್ಲಲ್ಲಿ ಬಂದರು. ಸೀಮೆಸುಣ್ಣವಿರಲಿಲ್ಲ,
ಆಕೆಯೇ ರಂಗೋಲಿ ಪುಡಿ ತಂದಳು.
ಟಾರಿನ ಮೇಲೆ ಮೇಷ್ಟ್ರು ಸಮುದ್ರ ಬಿಟ್ಟರು.
ಇದು ನಾವು, ಅದು ಕುವೈತು, ನಡುವೆ ಒಂದು ಮಾರು.
ಕುಂಟಾಬಿಲ್ಲೆ ಅಂದುಕೊಂಡು ಮಕ್ಕಳು ಜಿಗಿಯಲು ಬಂದವು.
ಯಾರದೋ ಸ್ಕೂಟರು ಅರಬ್ಬೀ ಸಮುದ್ರ ದಾಟಿ ಹೋಯಿತು
ಚಕ್ರಕ್ಕೆ ಬಿಳಿ ಮೆತ್ತಿಕೊಂಡು.
ಏಳೆಂಟು ಹೆಂಗಸರು, ಒಬ್ಬ ಇಸ್ತ್ರಿಯವನು, ನಾನು.

ಎಲ್ಲ ಕೇಳಿ ಸಣ್ಣತಾಯಮ್ಮ ಅಂದಳು,
"ಅವ್ರ ಎಣ್ಣೆ ನಮ್ಗೆ ಬೇಕು ಅಂತೀರಿ.
ಬೇಕಾದೋರು ಬಾಯ್ಬುಟ್ಟು ಕೇಳ್ತಾರಾ ಮೇಷ್ಟ್ರೇ?"

ಮೇಷ್ಟ್ರು ಕನ್ನಡಕ ಒರೆಸಿದರು, ಬಹಳ ಹೊತ್ತು.
ಆರನೇ ಪುಟ ಇಲ್ಲಿಂದ ಶುರುವಾಗಬೇಕಿತ್ತು, ಅಂದರು.
ಆಟೋದ ಬ್ಯಾಟರಿ ಅಷ್ಟರಲ್ಲಿ ಸತ್ತಿತ್ತು,
ಎಲ್ಲರೂ ಸೇರಿ ತಳ್ಳಿದೆವು.

ಠೇವಣಿ ಹೋಯಿತು, ಹೇಳಬೇಕಾದ್ದಿಲ್ಲ.
ಆ ಬೂತಿನಲ್ಲಿ ಜರಡಿಗೆ ನಲವತ್ತೊಂದು.
ನನ್ನ ಕೂಲಿ ಮಾತ್ರ ಪೂರ್ತಿ ಕೊಟ್ಟರು, ಎಣಿಸಿ.

ಈಗ ನಗರಸಭೆ. ಮತ್ತೆ ಮನೆಮಗ.
ಜಯಶೀಲ ಬಂದಿಲ್ಲವಂತೆ ಇನ್ನೂ.
ಆ ಅಡ್ಡರಸ್ತೆಗೆ ಆಟೋ ತಿರುಗಿದಾಗೆಲ್ಲ
ಸಣ್ಣತಾಯಮ್ಮ ಬಾಗಿಲಿಗೆ ಬರುತ್ತಾಳೆ, ಒದ್ದೆಗೈಯಲ್ಲೇ,
ನಾನು ಏನು ಓದುತ್ತೇನೋ ಎಂದು.
ಮೈಕಿನೆದುರು ಕೆಮ್ಮು ಬರುತ್ತದೆ ನನಗೆ.
ಡ್ರೈವರು ನೀರು ಕೊಡುತ್ತಾನೆ.
ನೀರಿನದಲ್ಲ ಅದು.