ಗೇಟಿನತನಕ

ಎಂಜಿನ್ನಿನ ಬಿಡಿಭಾಗಕ್ಕೆ ಕಾದು
ನಾಲ್ಕು ದಿನದಿಂದ ಕಾರವಾರದಲ್ಲೇ ನಿಂತ ಹಡಗು.
ಅದರ ಅಡುಗೆಯವ ಮೊರಿತಾ
ಬೈತಖೋಲದ ಕಟ್ಟೆಯ ಮೇಲೆ
ನನ್ನ ತೂಕದ ಚೀಟಿಗಳ ಪಕ್ಕ ಕೂತು,
ಮೀನುಬುಟ್ಟಿಗಳ ನಡುವೆ ಸುಳಿವ ನಾಯಿಯನ್ನು ತೋರಿಸಿ
'ಉರೊ ಉರೊ' ಎಂದ.

ನೀರಿನತ್ತ ಇಳಿಬಿಟ್ಟ ನನ್ನ ಕಾಲಿಗೆ
'ಬುರಾ ಬುರಾ'.
ಕೆಲಸವಿಲ್ಲದೆ ಪೇಟೆ ಸುತ್ತಿದರೂ ಅದೇ ಅಂತೆ.
ನಮ್ಮಲ್ಲಿ ಬುರುಬುರು ಉಬ್ಬುವುದು ಪೂರಿ, ಅಂದೆ.
ನಕ್ಕ, ಅರ್ಥವಾಗದೆ.

ಏಳುವುದು, ಕೂರುವುದು, ಫೋನು ನೋಡುವುದು:
'ಸೊವಾ ಸೊವಾ'.
ಇದಕ್ಕೆ ನಮ್ಮದೂ ಇದೆ, ಚಡಪಡ.
'ಚಾದಾಪಾದಾ.'
ಅವನ ಬಾಯಲ್ಲಿ ಅದು
ಎಣ್ಣೆ ಕಾಯದ ಒಗ್ಗರಣೆ.

ಐದನೆಯ ಸಂಜೆ ಆಸ್ಪತ್ರೆಯ ಎದುರು ಸಿಕ್ಕ,
ಹೆಗಲ ಮೇಲೆ ಈರುಳ್ಳಿ ಚೀಲ.
ತಂಗಿ ನಾಗವೇಣಿಯ ರಿಪೋರ್ಟು ಒಳಗಿತ್ತು.
ಗೇಟಿನತನಕ ಹೋಗಿ, ಚಾ ಅಂಗಡಿಗೆ ಮರಳಿ,
ಮತ್ತೆ ಗೇಟಿಗೆ.
ಎಷ್ಟು ಸಲವೋ. ಚಾ ಕುಡಿದಿರಲಿಲ್ಲ.
ಇದಕ್ಕೇನಂತೀರಿ ನಿಮ್ಮಲ್ಲಿ? ಕೇಳಿದೆ,
ಬೆರಳಲ್ಲಿ ಗಾಳಿಯ ಮೇಲೆ
ಅದೇ ದಾರಿ ಗೀಚಿ.

ತೆರೆದ ಬಾಯಿ ಮುಚ್ಚಿದ.
ಚೀಲವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು
ನನ್ನ ಜೊತೆ
ಗೇಟಿನತನಕ, ಅಂಗಡಿಯತನಕ, ಗೇಟಿನತನಕ
ನಡೆದ.
ಅವನ ಚಪ್ಪಲಿ ಮಾತ್ರ
ಏನೋ ಅನ್ನುತ್ತಿತ್ತು,
ಪಟ ಪಟ.