ಆರಡಿ ಅಗಲ

ಶಿಡ್ಲಘಟ್ಟ ದಾಟಿ ಚಿಂತಾಮಣಿ ರಸ್ತೆಯ ಪಕ್ಕ
ಹಿಪ್ಪುನೇರಳೆ ಕಿತ್ತ ಹೊಲದಲ್ಲಿ ಸುಣ್ಣದ ಪುಡಿಯ ಗೆರೆ ಎಳೆದಿದ್ದರು.
ಹದಿನೆಂಟು ಮನೆ, ಹದಿನೆಂಟು ಸಂಸಾರ:
ರೀಲಿಂಗಿನ ಬಿಸಿನೀರಲ್ಲಿ ಬೆಂದ ಬೆರಳಿನವರು,
ಟೈಲರ್‌ಗಳು, ಒಬ್ಬ ಪಂಚರ್ ಅಂಗಡಿಯವನು.
ತಿಂಗಳಿಗೆ ಎಂಟುನೂರರಂತೆ ಹನ್ನೊಂದು ವರ್ಷ ಕಟ್ಟಿದ ಚೀಟಿ,
ಉಳಿದದ್ದು ಸೊಸೈಟಿ ಸಾಲ.
ಕಿವಿ ಕೇಳುವವಳು ನಾನೊಬ್ಬಳೇ,
ಗಂಗುಲಪ್ಪನ ಮಗಳು, ಸಂಬಳವಿಲ್ಲದ ದುಭಾಷಿ.

ಇಂಜಿನಿಯರ್ ನನ್ನ ಮುಖ ನೋಡಿ ಮಾತಾಡಿದರು.
ಅವರ ಕಡೆ ನೋಡಿ ಸಾರ್, ಅಂದೆ,
ಮನೆ ಅವರದು.

ಕಾರಿಡಾರ್ ನಾಲ್ಕಡಿ ಸಾಕು,
ಆರಡಿ ಅಂದರೆ ಖರ್ಚು ನೋಡಿ, ಅಂತ
ಕ್ಯಾಲ್ಕುಲೇಟರ್ ತಿರುಗಿಸಿ ಹಿಡಿದರು.
ಅಪ್ಪ ಷಂಶಾದಕ್ಕನನ್ನು ಪಕ್ಕಕ್ಕೆ ಕರೆದ.
ಎರಡು ಗೆರೆಯ ನಡುವೆ ಇಬ್ಬರೂ ನಡೆದರು
ಮುಖ ಮುಖ ನೋಡುತ್ತ, ಕೈಯಲ್ಲಿ ಗೂಡಿನ ರೇಟು ಮಾತಾಡುತ್ತ.
ನಾಲ್ಕನೇ ಹೆಜ್ಜೆಗೆ ಅಪ್ಪನ ಮೊಣಕೈ
ಗೆರೆಯಾಚೆ, ಇನ್ನೂ ಕಟ್ಟದ ಗೋಡೆಯೊಳಗೆ ಹೋಯಿತು.
ನಿಂತ. ಇಲ್ಲದ ಗೋಡೆಗೆ ಬಡಿದ ಕೈ ನೀವಿಕೊಂಡ.
ಎಲ್ಲರೂ ನಕ್ಕರು. ಇಂಜಿನಿಯರ್ ತಡವಾಗಿ ನಕ್ಕರು.

ಆಮೇಲೆ ಅಪ್ಪನ ಕೈ ಹೇಳಿದ್ದನ್ನು ಬಾಯಿಗೆ ತಂದೆ:
ಆರಡಿ ಮೂರಡಿ ಸತ್ತ ಮೇಲೆ ಎಲ್ಲರಿಗೂ ಸಿಗುತ್ತೆ,
ನಮಗೆ ನಡೆಯುವಾಗಲೇ ಆರಡಿ ಬೇಕು.

ಹಾಗಾದರೆ ಏನು ಬಿಡ್ತೀರಿ?
ಮುಂದಿನ ಕಮಾನು ಬಿಟ್ಟೆವು. ಗೇಟಿನ ಸಿಂಹಗಳನ್ನು ಬಿಟ್ಟೆವು.
ಗ್ರಾನೈಟ್ ಬಿಟ್ಟೆವು, ಹೊಳೆಯುವ ಕಡೆ ಕೈ ಕಾಣಲ್ಲ.
ಬಾಲ್ಕನಿಗೆ ಬಂದಾಗ ಜಗಳವಾಯಿತು:
ಒದ್ದೆ ಬಟ್ಟೆ ತಲೆ ಮೇಲೆ ಹಾಕ್ಕೊಳ್ಳೋದಾ?
ಮೂವತ್ತಾರು ಕೈ ಒಟ್ಟಿಗೆ ಎದ್ದರೆ ಯಾರದು ಅಂತ ಹಿಡಿಯಲಿ,
ಸುಮ್ಮನೆ ಕೂತೆ.
ಬಾಲ್ಕನಿ ಉಳಿಯಿತು, ಎರಡನೇ ಬಾತ್‌ರೂಮ್ ಹೋಯಿತು.

ಅಡುಗೆಮನೆಯಿಂದ ಹಾಲಿಗೆ ಕಿಟಕಿ ಯಾಕೆ?
ಅಂದದ್ದಕ್ಕೆ ಅಮ್ಮ ನನ್ನ ಪಾದ ಹಿಡಿದಳು,
ಎಲ್ಲರೆದುರು, ಇಪ್ಪತ್ತಾರು ವರ್ಷದ ಪಾದ.
ಹೆಬ್ಬೆರಳಿಗೆ ಗಂಟು ಹಾಕಿದಂತೆ ಮಾಡಿದಳು,
ಇನ್ನೊಂದು ತುದಿ ತನ್ನ ಮಣಿಕಟ್ಟಿಗೆ.
ಹಳೇ ಮನೆಯಲ್ಲಿ ರಾತ್ರಿ ಹಾಗೇ ಮಲಗುತ್ತಿದ್ದೆವು,
ಅತ್ತರೆ ಕಾಲು ಒದೆಯುವೆ, ಒದ್ದರೆ ರೇಷ್ಮೆ ಎಳೆ ಜಗ್ಗುವುದು.
ಒಂದು ರಾತ್ರಿ ಎಳೆ ಬಿಚ್ಚಿಹೋಗಿತ್ತು,
ನನ್ನದಲ್ಲ,
ನನಗಿಂತ ಮೊದಲು ಹುಟ್ಟಿದ್ದರದು.
ಅದನ್ನು ನಾನು ಬಾಯಿಗೆ ತರಲಿಲ್ಲ.
ಇಂಜಿನಿಯರ್ ಕೇಳಲೂ ಇಲ್ಲ. ನಕ್ಷೆಯಲ್ಲಿ
ಮೂರಡಿ ಕಿಟಕಿ ಬರೆದರು.
ಅವತ್ತೇ ಅವರಿಗೆ ಹೆಸರಿಟ್ಟದ್ದು:
ಕಿವಿಸಂದಿಗೆ ಪೆನ್ಸಿಲ್ ಸಿಕ್ಕಿಸುವ ಸನ್ನೆ.

ಎರಡು ಯುಗಾದಿ ಕಳೆದವು.
ಬೆಲ್ ಒತ್ತಿದರೆ ಬಲ್ಬು ಮೂರು ಸಲ ಮಿಣುಕುತ್ತೆ,
ಕರೆಂಟ್ ಹೋದರೆ ಬಾಗಿಲ ಸಂದಿಯಲ್ಲಿ ಎಳೆಯುವ ಹಗ್ಗವಿದೆ.
ತಿರುವಿನಲ್ಲಿ ಮೂಲೆಯಿಲ್ಲ, ಗೋಡೆ ದುಂಡಗೆ ಬಳುಕಿದೆ,
ಮೊದಲು ಎದುರಿನವರ ಕೈ ಬರುತ್ತೆ, ಆಮೇಲೆ ಅವರು.
ಟ್ಯಾಂಕು ತುಂಬಿ ಸುರಿದರೆ ಓಡುವವಳು ಈಗಲೂ ನಾನೇ.

ಮೊನ್ನೆ ಪಕ್ಕದ ಲೇಔಟಿನವರು ದೂರು ತಂದರು.
ಮೂಕರ ಬಿಲ್ಡಿಂಗು, ನೆಮ್ಮದಿಯಾಗಿರುತ್ತೆ ಅಂತ ಸೈಟು ತಗೊಂಡ್ವಿ,
ಏನಮ್ಮ ನಿಮ್ಮ ಗಲಾಟೆ!
ಸುಳ್ಳಲ್ಲ. ಬಾಗಿಲು ದಡಾರನೆ ಬೀಳುತ್ತೆ,
ಕರೆಯಬೇಕಾದರೆ ನೆಲ ಗುದ್ದುತ್ತಾರೆ,
ಸ್ಟೀಲ್ ಪಾತ್ರೆ ಉರುಳಿದರೆ
ಉರುಳಿ ಮುಗಿಯುವವರೆಗೆ ಉರುಳುತ್ತೆ.

ಏನಂತೆ? ಅಮ್ಮ ಗಲ್ಲ ಎತ್ತಿ ಕೇಳಿದಳು.
ಹೇಳಿದೆ.
ನಕ್ಕಳು. ನಗು ಎಷ್ಟು ಜೋರಿರಬೇಕೆಂದು
ಯಾರೂ ಹೇಳಿಕೊಟ್ಟಿಲ್ಲ ಅವಳಿಗೆ.
ಕಾರಿಡಾರಿನ ಉದ್ದಕ್ಕೂ ಹೋಗಿ
ತಿರುವಿನಲ್ಲಿ ಎಲ್ಲೂ ತಾಗದೆ
ಮೂರನೇ ಮಹಡಿ ಹತ್ತಿತು ಆ ನಗು.
ದೂರು ತಂದವರು
ಚಪ್ಪಲಿ ಹುಡುಕಿಕೊಂಡರು.